ಕೋಮಾದ ಅತ್ತೆ ಕೊಟ್ಟ ಪ್ರಸಾದ

ಅಜ್ಜಿಯ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ಆಗಬೇಕು, ಸೋಮವಾರ ಬೆಳಿಗ್ಗೆ ಅಡ್ಮಿಟ್ ಮಾಡಿ, ಇನ್ನೂ ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಆಟೋ ನಾಗರಬಾವಿ ಸರ್ಕಲ್ ದಾಟಿದ ಮೇಲೆ ಅಜ್ಜಿ ಬಾಯಿ ಬಿಟ್ಟಳು.

"ಪ್ರಸಾದ ಕೇಳ್ಬೇಕು."

ನಮ್ಮ ಮನೆಯಲ್ಲಿ ಪ್ರಸಾದ ಕೇಳದೆ ಕುಕ್ಕರ್ ಕೂಡ ಬದಲಾಗಿಲ್ಲ. ಗುಡ್ಡದ ಮೇಲಿನ ದೇವಸ್ಥಾನದಲ್ಲಿ ದೇವರ ಮುಂದೆ ಕೂತು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಳ್ಳಬೇಕು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಹೂಂ, ಎಡಗಡೆಯಿಂದ ಬಿದ್ದರೆ ಊಹೂಂ. ನನ್ನನ್ನು ಪಿಯುಸಿ ಸೈನ್ಸ್‌ಗೆ ಸೇರಿಸಿದ್ದೂ ಬಲಗಡೆ ಬಿದ್ದ ಒಂದು ಸೇವಂತಿಗೆಯೇ. ನನ್ನ ಫಿಸಿಕ್ಸ್ ಮಾರ್ಕ್ಸ್ ನೋಡಿದರೆ ಅವತ್ತು ಗರ್ಭಗುಡಿಯಲ್ಲಿ ಯಾರೋ ಫ್ಯಾನ್ ಹಾಕಿದ್ದಿರಬೇಕು. ಆದರೆ ಆ ದೇವಸ್ಥಾನಕ್ಕೆ ಅರವತ್ತು ಮೆಟ್ಟಿಲು. ಅಜ್ಜಿಗೆ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸ್ಟಾಪು.

ಆದ್ದರಿಂದ ಅವಳು ಟಿವಿಯನ್ನು ಕೇಳುವುದೆಂದು ತೀರ್ಮಾನಿಸಿದಳು.

ಅಜ್ಜಿ ನೋಡುತ್ತಿದ್ದ ಸಂಜೆಯ ಧಾರಾವಾಹಿಯಲ್ಲಿ ಒಬ್ಬ ಅತ್ತೆ ಎರಡು ವರ್ಷದಿಂದ ಕೋಮಾದಲ್ಲಿ ಮಲಗಿದ್ದಳು. ಕೋಮಾದಲ್ಲೂ ದಿನಕ್ಕೊಂದು ರೇಷ್ಮೆ ಸೀರೆ, ಮಾಸದ ಲಿಪ್‌ಸ್ಟಿಕ್ಕು. ನಮ್ಮ ಕಾಲೇಜಿನ ಆ್ಯನ್ಯುಯಲ್ ಡೇಗೂ ಯಾರೂ ಹಾಗೆ ತಯಾರಾಗಿ ಬಂದಿರಲಿಲ್ಲ. ಶನಿವಾರ ಏಳರಿಂದ ಒಂಬತ್ತರವರೆಗೆ ಅದರ ಕೊನೆಯ ಮಹಾಸಂಚಿಕೆ.

"ಅವ್ಳು ಎದ್ರೆ ನಾನು ಆಪರೇಷನ್ನಿಗೆ ಬರ್ತೀನಿ. ಅವ್ಳು ಹೋದ್ರೆ ನನ್ನನ್ನ ಯಾರೂ ಕರೀಬೇಡಿ," ಅಂದಳು ಅಜ್ಜಿ.

ಅಮ್ಮ ನಕ್ಕಳು. ಅಜ್ಜಿ ಸೆಟ್‌ಟಾಪ್ ಬಾಕ್ಸಿನ ಧೂಳು ಒರೆಸಿ, ಕುಂಕುಮ ಇಟ್ಟಾಗ ಅಮ್ಮನ ನಗು ನಿಂತಿತು.

ಇದರಲ್ಲಿ ನನ್ನ ಕೈವಾಡ ದೊಡ್ಡದು. ಟಿವಿಯಲ್ಲಿ ಸಂಜೆ ಬರುವ ಸಂಚಿಕೆ ಫೋನಿನ ಆ್ಯಪ್‌ನಲ್ಲಿ ಬೆಳಿಗ್ಗೆಯೇ ಬರುತ್ತದೆ. ನಾನು ಅದನ್ನು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನೋಡಿ, ಸಂಜೆ ಅಜ್ಜಿಯ ಪಕ್ಕ ಕಣ್ಣು ಮುಚ್ಚಿ ಕೂತು, "ಯಾಕೋ ಇವತ್ತು ಸೊಸೆ ಕೆನ್ನೆಗೆ ಏಟು ಬೀಳುತ್ತೆ ಅನ್ನಿಸ್ತಿದೆ ಅಜ್ಜಿ," ಎನ್ನುತ್ತಿದ್ದೆ. ಒಂಬತ್ತನೇ ನಿಮಿಷಕ್ಕೆ ಏಟು ಬೀಳುತ್ತಿತ್ತು. ಎರಡು ತಿಂಗಳಲ್ಲಿ ಬೀದಿಗೆಲ್ಲ ನನ್ನ ಹೆಸರು ಗೊತ್ತಾಯಿತು. ಮೇಲಿನ ಮನೆಯ ಗದಗಿನ ಆಂಟಿ ಬಂದು ಗಂಡನಿಗೆ ಊರ ಕಡೆ ಟ್ರಾನ್ಸ್‌ಫರ್ ಆಗುತ್ತದಾ ಎಂದು ನನ್ನನ್ನು ಕೇಳಿದರು. "ಆಗುತ್ತೆ ಆಂಟಿ, ಸ್ವಲ್ಪ ನಿಧಾನ," ಅಂದೆ. ಮರುದಿನ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು.

ಹೀಗಾಗಿ ಅಜ್ಜಿ ನನ್ನನ್ನೂ ಕೇಳಿದಳು.

"ಏನೇ, ಏಳ್ತಾಳಾ?"

"ಎದ್ದೇ ಏಳ್ತಾಳೆ."

"ನೀನು ಹೇಳಿದ್ದು ಯಾವತ್ತು ತಪ್ಪಿದೆ," ಎಂದು ಅಜ್ಜಿ ನಾಲ್ಕು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಮಟ್ಟಸವಾಗಿ ಮಲಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಆ್ಯಪ್ ತೆರೆದೆ. ಸಂಚಿಕೆ ಇರಲಿಲ್ಲ. ಕೊನೆಯ ಕಂತು ಟಿವಿಯಲ್ಲಿ ಬಂದ ಮೇಲೆಯೇ ಇಲ್ಲಿ ಬರುತ್ತದೆ ಎಂದು ಬರೆದಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಪ್ರೋಮೋದ ಕೆಳಗೆ ವೀಕ್ಷಕರ ಕಾಮೆಂಟುಗಳನ್ನು ಓದಿದೆ. ಇಡೀ ಕರ್ನಾಟಕ ಆ ಅತ್ತೆಯ ಸಾವಿಗೆ ಚಾಪೆ ಹಾಸಿಕೊಂಡು ಕಾಯುತ್ತಿತ್ತು. 'ಎರಡು ವರ್ಷ ಆಯ್ತು, ಪ್ಲಗ್ ಕೀಳ್ರಪ್ಪ.' 'ಬೇಗ ಸಾಯ್ಸಿ ಗುರು, ನಮ್ಮನೇಲಿ ಏಳು ಗಂಟೆಗೆ ಕಾಫಿ ಕಂಡು ಎರಡು ವರ್ಷ ಆಯ್ತು.' ನಾನು ಐದು ಸುಳ್ಳು ಹೆಸರಿನಲ್ಲಿ ಐದು ಸಲ ಬರೆದೆ: 'ದಯವಿಟ್ಟು ಸಾಯಿಸಬೇಡಿ ಸರ್, ಒಬ್ಬರ ಜೀವದ ಪ್ರಶ್ನೆ.' 'ನಿಮ್ಮತ್ತೆನಾ?' ಎಂದು ಒಬ್ಬ ಕೇಳಿದ. ನಲವತ್ತು ಜನ ನಗುವ ಮುಖ ಒತ್ತಿದರು. 'ಶೂಟಿಂಗ್ ಯಾವತ್ತೋ ಮುಗಿದಿರುತ್ತೆ ಸಿಸ್ಟರ್, ಈಗ ಅತ್ರೆ ಏನು ಬಂತು?' ಎಂದು ಇನ್ನೊಬ್ಬ ಬರೆದ. ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಆಗಲೇ ಎದ್ದಿದ್ದಳು, ಇಲ್ಲವೇ ಸತ್ತಿದ್ದಳು. ನನ್ನ ಅಜ್ಜಿಯ ಹಣೆಬರಹ ಯಾವುದೋ ಕಂಪ್ಯೂಟರಿನಲ್ಲಿ ಎಡಿಟ್ ಆಗಿ ಕೂತಿತ್ತು.

ಸಂಜೆ ಏಳೂವರೆಗೆ ಅತ್ತೆಯ ಬೆರಳು ಅಲುಗಿತು. ಆ ಒಂದು ಬೆರಳನ್ನು ಹನ್ನೊಂದು ಕಡೆಯಿಂದ ತೋರಿಸಿದರು. ಎಂಟಕ್ಕೆ ಕಣ್ಣು ಬಿಟ್ಟಳು, ಎದ್ದು ಕೂತಳು, ಸೊಸೆಯ ತಲೆ ಸವರಿದಳು. ನಾನು ಹಾರಿ ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದೆ.

"ಯಾಕೇ ಆರಿಸ್ದೆ?"

"ಎದ್ಲಲ್ಲ ಅಜ್ಜಿ. ಪ್ರಸಾದ ಆಯ್ತು. ಇನ್ನು ಮಿಕ್ಕಿದ್ದು ಬರೀ ಸೋಪು ಪೇಸ್ಟು ಅಡ್ವರ್ಟೈಸು."

ಅಜ್ಜಿ ಕಪ್ಪು ಪರದೆಗೆ ಕೈಮುಗಿದಳು. "ಹಾಗಾದ್ರೆ ಹೋಗೋದೇ," ಅಂದಳು. ಅಜ್ಜಿಯ ಮನಸ್ಸು ಬದಲಾದೀತೆಂದು ಅಮ್ಮ ಓಡಿಹೋಗಿ ಆಸ್ಪತ್ರೆಯ ಬ್ಯಾಗು ತುಂಬಿದಳು. ಅರ್ಧ ಗಂಟೆ ನಮ್ಮ ಮೂಡಲಪಾಳ್ಯದಲ್ಲಿ ನನ್ನಷ್ಟು ಬುದ್ಧಿವಂತೆ ಇರಲಿಲ್ಲ.

ಆಮೇಲೆ ಎದುರು ಮನೆ, ಪಕ್ಕದ ಮನೆ, ಹಿಂದಿನ ಮನೆ, ಎಲ್ಲ ಕಿಟಕಿಗಳಿಂದ ಒಂದೇ ಪಿಟೀಲು ಅಳತೊಡಗಿತು. ನಾನು ಕಿಟಕಿ ಮುಚ್ಚಿ, ಸೊಳ್ಳೆ ಎಂದೆ. ಅಷ್ಟರಲ್ಲಿ ಗದಗಿನ ಆಂಟಿ ಸೆರಗಿನಲ್ಲಿ ಮೂಗು ಒರೆಸುತ್ತಾ ಮೆಟ್ಟಿಲಿಳಿದು ನಮ್ಮ ಮನೆಗೇ ಬಂದರು.

"ಹೋದ್ಲಲ್ರೀ ಅಜ್ಜಿ... ಎದ್ದ ಕುಂತಾಕಿ ಸೊಸಿ ತೊಡಿ ಮ್ಯಾಲೇ ಹೋಗಿಬಿಟ್ಲಲ್ರೀ..."

ನಾನು ಅಜ್ಜಿಯ ಹಿಂದೆ ನಿಂತು ಎರಡೂ ಕಣ್ಣು ಮಿಟುಕಿಸಿ, ತಲೆ ಆಡಿಸಿ ಸನ್ನೆ ಮಾಡಿದೆ.

"ಕಣ್ಣಾಗ ಏನರ ಬಿತ್ತೇನವಾ ನಿನಗ?" ಅಂದರು ಆಂಟಿ.

ಅಜ್ಜಿ ಟಿವಿ ಹಾಕಿಸಿದಳು. ಅತ್ತೆಯ ಫೋಟೋಗೆ ಹಾರ ಹಾಕಿದ್ದರು. "ಎಡಕ್ಕಾಯ್ತು," ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಒರಗಿದಳು.

ಭಾನುವಾರ ಅವಳು ಏನೂ ತಿನ್ನಲಿಲ್ಲ. ಅಮ್ಮ ಬೇಡಿಕೊಂಡಳು, ಬೈದಳು, ಕೊನೆಗೆ ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸಿ ಓಡಿಸಿಕೊಂಡು ಅತ್ತಳು. ನಮ್ಮ ಮಿಕ್ಸಿ ಲಾರಿಯ ಹಾಗೆ ಕಿರುಚುತ್ತದೆ, ಆದರೂ ಅಳು ಕೇಳಿಸುತ್ತಿತ್ತು. ನಾನು ಅಜ್ಜಿಯ ಮಂಚದ ತುದಿಯಲ್ಲಿ ಕೂತೆ.

"ಅಜ್ಜಿ, ನನಗೇನೂ ಗೊತ್ತಾಗಲ್ಲ. ದಿನಾ ಫೋನಲ್ಲಿ ಮೊದಲೇ ನೋಡ್ಕೊಂಡು ನಿಂಗೆ ಹೇಳ್ತಿದ್ದೆ."

ಅಜ್ಜಿ ನಿಧಾನಕ್ಕೆ ತಿರುಗಿದಳು. "ಮೇಲಿನವಳಿಗೆ ಟ್ರಾನ್ಸ್‌ಫರ್ ಅಂದ್ಯಲ್ಲ?"

"ಅದೂ ಸುಳ್ಳೇ."

"ಹೋಳಿಗೆ ತಿಂದ್ಯಲ್ಲೇ ಕಳ್ಳಿ."

"ನೀನೂ ತಿಂದೆ."

"ನಾನು ಒಂದೇ ತಿಂದಿದ್ದು."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂದಿತ್ತು. ನಾನು ಲಾಯರಿನ ಹಾಗೆ ವಾದಕ್ಕಿಳಿದೆ. ಎರಡು ವರ್ಷ ಆ ಮನೆಯವರು ಬರೀ ಊದುಬತ್ತಿ ಹಚ್ಚಿದರು, ಒಂದು ಒಳ್ಳೆಯ ಆಸ್ಪತ್ರೆಗೆ ತೋರಿಸಲಿಲ್ಲ, ಹಾಗಾಗಿ ಸತ್ತಳು ಎಂದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

"ಅದೆಲ್ಲ ಬಿಡು. ನಾನು ಒಳಗೆ ಹೋದ್ರೆ ಈಚೆಗೆ ಬರ್ತೀನಾ? ಹೇಳು."

ಬಂದೇ ಬರ್ತೀಯ ಎನ್ನಲು ಬಾಯಿ ತೆರೆದೆ.

"ಗೊತ್ತಿಲ್ಲ ಅಜ್ಜಿ. ಭಯ ಆಗ್ತಿದೆ."

"ನಂಗೂ ಕಣೇ," ಅಂದಳು. ಇಷ್ಟು ದಿನದಲ್ಲಿ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾವೂ ಯಾರೂ ಕೇಳಿರಲಿಲ್ಲ. ಅವಳ ಎದೆ ಬಟ್ಟೆಯೊಳಗೆ ಹಿಡಿದಿಟ್ಟ ಪಾರಿವಾಳದಂತೆ ಹೊಡೆದುಕೊಳ್ಳುತ್ತಿದ್ದುದು ಸೆರಗಿನ ಮೇಲೂ ಕಾಣುತ್ತಿತ್ತು. ಅದರ ಮೇಲೆ ಕೈ ಇಟ್ಟೆ. ಅವಳು ಕೈ ತಳ್ಳಲಿಲ್ಲ.

"ಬ್ಯಾಗಲ್ಲಿ ಯಾವ ಸೀರೆ ಇಟ್ಟಿದಾಳೆ ನಿಮ್ಮಮ್ಮ?"

"ಹಸಿರುದು."

"ಅದರ ಅಂಚು ಚುಚ್ಚುತ್ತೆ. ನೀಲಿ ಕಾಟನ್ ಇಡು."

ಒಳಗೆ ಹೋಗಿ ಬ್ಯಾಗಿನಿಂದ ಹಸಿರು ಸೀರೆ ಹೊರಗೆಳೆದೆ. ಅಡುಗೆಮನೆಯ ಬಾಗಿಲಿಗೆ ಬಂದ ಅಮ್ಮ ಅದನ್ನು ನೋಡಿದವಳೇ ಅಲ್ಲೇ ಗೋಡೆಗೆ ಒರಗಿ ಕುಸಿದಳು.

"ಬ್ಯಾಗ್ ಖಾಲಿ ಮಾಡ್ತಾ ಇಲ್ಲಮ್ಮ," ಅಂದೆ. "ಸೀರೆ ಬದಲಾಯಿಸ್ತಾ ಇದೀನಿ."