ಮಲಗುವ ಜಾಗದ ನಕ್ಷೆ

ಆ ಹನ್ನೊಂದು ಗುಡಿಸಲುಗಳ ಮೇಲೆ ಕೆಂಪು ಚುಕ್ಕೆ ಇಟ್ಟವನು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿ, ತಿಪಟೂರಿನಲ್ಲಿ ಮಲೇರಿಯಾ ಸಮೀಕ್ಷೆಯ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಹೊನ್ನವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಚಳಿಜ್ವರ ಹೆಚ್ಚಾಗಿತ್ತು. ಯಾರ ರಕ್ತದಲ್ಲಿ ರೋಗಾಣು ಸಿಕ್ಕಿತೋ ಅವರ ಮನೆಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಕೆರೆ, ಬಾವಿ, ಮನೆಯ ಸೂರು, ಮನೆಯವರ ಕಸುಬು ಎಲ್ಲವನ್ನೂ ಬರೆದುಕೊಂಡು, ಮುಂದಿನ ಮಳೆಗಾಲದಲ್ಲಿ ಜ್ವರ ಎಲ್ಲಿ ಏಳಬಹುದೆಂದು ಹೇಳಬೇಕು. ಚುಕ್ಕೆಗಳೆಲ್ಲ ಒಂದು ತೋಟದಂಚಿನ ಗುಡಿಸಲು ಸಾಲಿನ ಮೇಲೆ ಬಿದ್ದವು. ಅಲ್ಲಿದ್ದವರು ಕೊಬ್ಬರಿ ಸುಲಿಯುವ ಕೂಲಿಯವರು. ನಕ್ಷೆ ಅಚ್ಚುಕಟ್ಟಾಗಿತ್ತು. ನನಗೆ ಹೆಮ್ಮೆಯೂ ಆಯಿತು.

ತೋಟದ ಯಜಮಾನರು ಅದನ್ನು ನಮ್ಮ ಇನ್ಸ್‌ಪೆಕ್ಟರ ಮೇಜಿನ ಮೇಲೆ ನೋಡಿದರು.

"ನಾನು ಹೇಳ್ತಾನೇ ಇದ್ನಲ್ರೀ, ಜ್ವರ ಹುಟ್ಟೋದೇ ಆ ಗುಡಿಸಲಲ್ಲಿ ಅಂತ. ಈಗ ಸರ್ಕಾರದ ನಕ್ಷೇನೇ ಹೇಳ್ತು. ಮಳೆಗೆ ಮುಂಚೆ ಕೀಳಿಸಿ ಹಾಕ್ತೀನಿ ಬುಡಿ."

ಆ ಜಾಗದ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣಿತ್ತೆಂದು ಆಮೇಲೆ ತಿಳಿಯಿತು. ಅಥವಾ ಆಗಲೇ ತಿಳಿದಿತ್ತು, ತಿಳಿಯದವನಂತೆ ಇದ್ದೆ. ಈ ವಿಷಯದಲ್ಲಿ ನನ್ನ ನೆನಪನ್ನು ನಂಬಲಾರೆ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಮರುದಿನ ಗುಡಿಸಲುಗಳ ಕಡೆ ಹೋದೆ. ಸುಲಿಯುವವನೊಬ್ಬನ ಹೆಂಡತಿ ಅಂಗಳದಲ್ಲಿ ಗರಿ ಹೆಣೆಯುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಅವಳನ್ನು ತಲುಪಿತ್ತು.

"ಓಹೋ, ಚುಕ್ಕೆ ಇಡೋ ಸಾಹೇಬ್ರು! ಇನ್ನೂ ಜಾಗ ಉಳ್ದೈತಾ ಕಾಗದದಾಗೆ?"

"ಇಲ್ಲಿ ಜ್ವರ ಇದೆಯಲ್ಲಮ್ಮ," ಎಂದೆ.

"ಯಾರ್ಗೈತೆ? ನಂಗೈತಾ? ನಮ್ಮತ್ತೆಗೈತಾ? ಇಷ್ಟು ಮಕ್ಳವೆ, ಒಂದಕ್ಕಾದ್ರೂ ಐತಾ? ಗಂಡಸ್ರಿಗೆ ಮಾತ್ರ ಕಣ್ ಸ್ವಾಮಿ. ಮನೆ ಎಲ್ಲಿ ಅಂತ ಕೇಳಿದ್ರಿ, ಬರ್ಕೊಂಡ್ರಿ. ಗಂಡಸ್ರು ಎಲ್ಲಿ ಮಲಗ್ತಾರೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಮಲೇರಿಯಾ ಸೊಳ್ಳೆ ಕಚ್ಚುವುದು ರಾತ್ರಿಯೆಂದು ಗೊತ್ತಿದ್ದರೂ, ನಮ್ಮ ನಮೂನೆಯಲ್ಲಿ ಆ ಕಾಲಮ್ಮೇ ಇರಲಿಲ್ಲ.

ಕಾಯಿಯನ್ನು ವರ್ಷದ ಮಟ್ಟಿಗೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವ ಸೀಮೆ ಅದು. ಸುಲಿಯುವ ತಿಂಗಳುಗಳಲ್ಲಿ ಕಳ್ಳರ ಭಯಕ್ಕೆ ಗಂಡಸರು ಯಜಮಾನರ ಕೊಬ್ಬರಿ ಶೆಡ್ಡಿನಲ್ಲೇ ಮಲಗಬೇಕೆಂಬುದು ಕೂಲಿಯ ಕರಾರು ಎಂದು ಅವಳೇ ಹೇಳಿದಳು. ಅಲ್ಲಿಂದ ನೇರ ಶೆಡ್ಡಿಗೆ ನಡೆದೆ. ಡಿ.ಡಿ.ಟಿ. ಹೊಡೆದ ಮನೆಗಳ ಗೋಡೆಯ ಮೇಲೆ ನಮ್ಮವರು ತಾರೀಖು ಬರೆಯುತ್ತಿದ್ದರು. ಪ್ರತಿ ಗುಡಿಸಲಿನ ಬಾಗಿಲ ಪಕ್ಕದಲ್ಲೂ ಅದಿತ್ತು. ಶೆಡ್ಡಿನ ಗೋಡೆ ಮಾತ್ರ ಬೋಳು. ಔಷಧದ ವಾಸನೆ ಹತ್ತಿದ ಕೊಬ್ಬರಿಯನ್ನು ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲವೆಂದು ಹೆದರಿ, ಯಜಮಾನರು ಅಟ್ಟದ ಹತ್ತಿರಕ್ಕೂ ನಮ್ಮವರನ್ನು ಬಿಟ್ಟಿರಲಿಲ್ಲ. ಶೆಡ್ಡಿನ ಹಿಂದೆಯೇ ಒಂದು ಪಾಳುಬಾವಿ. ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ. ಬಂದ ನೀರಿನ ಮೇಲೆ ಮಲೇರಿಯಾ ಸೊಳ್ಳೆಯ ಮರಿಗಳು ಅಡ್ಡಡ್ಡ ಮಲಗಿದ್ದವು. ಎಷ್ಟು? ಒಮ್ಮೆ ಹತ್ತು ಎನ್ನುತ್ತೇನೆ, ಇನ್ನೊಮ್ಮೆ ಇಪ್ಪತ್ತು. ಇದ್ದವು ಎಂಬುದನ್ನು ಮಾತ್ರ ಯಾರೆದುರಿಗೂ ಹೇಳಬಲ್ಲೆ.

ಅದೇ ರೋಗಿಗಳನ್ನು ಇಟ್ಟುಕೊಂಡು, ಅವರು ಮಲಗುವ ಜಾಗಕ್ಕೆ ಚುಕ್ಕೆ ಹಾಕಿ ಇನ್ನೊಂದು ನಕ್ಷೆ ಬರೆದೆ. ಗುಡಿಸಲುಗಳು ಖಾಲಿಯಾದವು. ಶೆಡ್ಡು ಕೆಂಪಗಾಯಿತು.

"ಏನ್ರೀ ಇದು?" ಎಂದರು ಇನ್ಸ್‌ಪೆಕ್ಟರು. "ಯಜಮಾನ್ರಿಗೆ ಏನು ಹೇಳ್ಲಿ?"

"ಶೆಡ್ಡಿಗೆ ಔಷಧ ಹೊಡೆಸಿ, ಬಾವಿ ಮುಚ್ಚಿಸಿ ಅಂತ ಹೇಳಿ ಸಾರ್."

"ಓದಿದ್ದು ಜಾಸ್ತಿ ಆಗೈತೆ ಕಣ್ರೀ ನಿಮ್ಗೆ. ಮೊದಲ್ನೇದನ್ನೇ ಕಳ್ಸೋಣ. ಸಹಿ ಹಾಕಿ."

ಹಾಕಲಿಲ್ಲ. ಮೊದಲ ನಕ್ಷೆಯನ್ನು ಎಳೆದುಕೊಂಡು, ಈ ಮೂಲೆಯಿಂದ ಆ ಮೂಲೆಗೆ ಶಾಯಿಯ ಗೆರೆ ಎಳೆದು, "ತಪ್ಪು ನಕ್ಷೆ. ರೋಗಿಗಳು ಮಲಗುವ ಜಾಗ ಕೇಳಿರಲಿಲ್ಲ" ಎಂದು ಬರೆದೆ. ಸಹಿಯನ್ನು ಅದರ ಕೆಳಗೆ ಹಾಕಿದೆ.

"ಗುಡಿಸಲಲ್ಲೇ ಜ್ವರ ಅನ್ನೋ ನಕ್ಷೆ ಬೇಕಿದ್ರೆ ನೀವೇ ಬರೆದು ನೀವೇ ಸಹಿ ಹಾಕಿ ಸಾರ್."

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆ ತಿಂಗಳಿಗೆ ನನ್ನ ತಾತ್ಕಾಲಿಕ ಕೆಲಸ ಮುಗಿಯಿತು, ಅವರು ಅದನ್ನು ಮುಂದುವರಿಸಲಿಲ್ಲ. ಹೊರಡುವ ಮುನ್ನ ಗುಡಿಸಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಆ ಹೆಂಗಸು, "ತಡವಾಗಾದ್ರೂ ಕೇಳಿದ್ರಲ್ಲ," ಎಂದಳು.

ಮುಂದಿನದು ನಾನು ಕಂಡದ್ದಲ್ಲ, ಕೇಳಿದ್ದು. ಯಜಮಾನರು ಆಳುಗಳೊಂದಿಗೆ ಬಂದು ಸರ್ಕಾರದ ನಕ್ಷೆಯ ಮಾತೆತ್ತಿದಾಗ ಅವಳು, "ತೋರ್ಸಿ ಯಜಮಾನ್ರೇ, ಯಾರ ಸಹಿ ಐತೆ?" ಎಂದಳಂತೆ. ತೋರಿಸಲು ಏನೂ ಇರಲಿಲ್ಲ. ಅವತ್ತಿನಿಂದ ಗಂಡಸರೆಲ್ಲ ಮಲಗಲು ಮನೆಗೇ ಬಂದರು. "ಔಷಧ ಹೊಡೆಸಿ, ಆಮೇಲೆ ಕಾಯ್ತೀವಿ" ಎಂದರು. ಕೊಬ್ಬರಿ ಕಾಯಲು ಯಜಮಾನರೇ ಹಾಸಿಗೆ ಹೊತ್ತು ಹೋದರು. ಸೊಳ್ಳೆಯ ಕಾಟವನ್ನು ಎರಡು ರಾತ್ರಿ ತಡೆದರು. ಮೂರನೆಯ ದಿನ ಔಷಧ ಹೊಡೆಯುವವರನ್ನು ತಾವೇ ಕರೆಸಿ, ಅಟ್ಟದ ಕಾಯಿಗೆಲ್ಲ ಗೋಣಿತಾಟು ಹೊದಿಸಿ, ಒಳಗೆ ಬಿಟ್ಟರು. ಗುಡಿಸಲು ಕೀಳುವ ಮಾತನ್ನು ಆ ವರ್ಷ ಯಾರೂ ಆಡಲಿಲ್ಲ.