ಅಮ್ಮ ಆರಿಸಿದ ಮಾನಿಟರ್

ಕಂಪ್ಯೂಟರ್ ಕೊಳ್ಳುವ ವಿಚಾರದಲ್ಲಿ ನನಗೆ ಬುದ್ಧಿ ಹೇಳದವರು ಶಿಡ್ಲಘಟ್ಟದಲ್ಲಿ ಯಾರೂ ಉಳಿದಿರಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದವರು ಮಾತ್ರ ಬೆರಳೆಣಿಕೆಯಷ್ಟು ಜನ. ಆಗ ತೊಂಬತ್ತರ ದಶಕದ ನಡುಭಾಗ. ನಾನು ಚಿಂತಾಮಣಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿದ್ದೆ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಜೋತಾಡಿ ಜೋತಾಡಿ ಸಾಕಾಗಿತ್ತು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಟೈಪು ಮಾಡಿಕೊಟ್ಟು ಬದುಕುತ್ತೇನೆ ಎಂದು ಹಟ ಹಿಡಿದೆ. ಇನ್‌ಸ್ಟಿಟ್ಯೂಟಿನವರು ತಮ್ಮ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯನ್ನೂ ಕೀಬೋರ್ಡನ್ನೂ ಪ್ರಿಂಟರನ್ನೂ ಅಗ್ಗಕ್ಕೆ ಕೊಟ್ಟರು. ಅದರ ಮಾನಿಟರ್ ಸುಟ್ಟುಹೋಗಿತ್ತು. ಅದೊಂದನ್ನು ನಾನೇ ನೋಡಿ ಕೊಳ್ಳಬೇಕಿತ್ತು.

"ನಾನೂ ಬರ್ತೀನಿ" ಅಂದಳು ಅಮ್ಮ.

ಅಮ್ಮನಿಗೆ ಕಂಪ್ಯೂಟರ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೆ ಅವಳಿಗೆ ರೇಷ್ಮೆ ನೂಲು ಗೊತ್ತಿತ್ತು. ನಮ್ಮ ಬೀದಿಯ ರೀಲರ್‌ಗಳು ಗೂಡಿನಿಂದ ತೆಗೆದ ನೂಲನ್ನು ಮಾರಾಟಕ್ಕೆ ಒಯ್ಯುವ ಮೊದಲು ಒಂದು ಎಳೆ ತಂದು ಅಮ್ಮನಿಗೆ ಕೊಡುತ್ತಿದ್ದರು. ಅವಳು ಅದನ್ನು ಒಂದು ಕರಿಹಲಗೆಗೆ ಒತ್ತೊತ್ತಾಗಿ ಸುತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಗಂಟು ಎಂದು ಹೇಳಿಬಿಡುತ್ತಿದ್ದಳು. ಅವಳ ಕಣ್ಣು ಒಪ್ಪಿದ್ದನ್ನು ಬೀದಿಯಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅದಕ್ಕೆ ಸಿಗುತ್ತಿದ್ದುದರಲ್ಲೇ ಮನೆಯ ಅರ್ಧ ಖರ್ಚು ಸಾಗುತ್ತಿತ್ತು.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಮೂರು ಮಾನಿಟರ್‌ಗಳಿದ್ದವು. ನನ್ನ ಕಣ್ಣು ಬಿದ್ದದ್ದು ಯಾರೋ ಬಳಸಿ ಬಿಟ್ಟಿದ್ದ ಕಲರ್ ಮಾನಿಟರ್ ಮೇಲೆ. ಅಂಗಡಿಯವನು ಅದರಲ್ಲಿ ಕೆಂಪು ದಾಸವಾಳದ ಚಿತ್ರ ಬರಿಸಿ, "ನೋಡಿ ಮೇಡಂ, ಪಿಕ್ಚರ್ ಹೆಂಗೈತೆ!" ಎಂದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಮ್ಮ ನೋಡಲೇ ಇಲ್ಲ.

"ಹೂವೆಲ್ಲ ಯಾಕಪ್ಪ? ಇವಳು ಅದರಲ್ಲಿ ಹೂವು ಬೆಳೀತಾಳಾ? ಎಲ್ಲಾ ಕಪ್ಪು ಮಾಡು. ಮಾಡಿ, ಅಡ್ಡಕ್ಕೆ ಒಂದೇ ಒಂದು ಬಿಳಿ ಎಳೆ ಬಿಡು."

ಅವನಿಗೆ ಅರ್ಥವಾಗಲಿಲ್ಲ. ನನಗಾಯಿತು. ಚಿತ್ರ ತೆಗೆಸಿ, ಕಪ್ಪು ಪರದೆ ಬರಿಸಿ, ಅಡಿಗೆರೆಯ ಕೀಲಿಯನ್ನು ಒತ್ತಿ ಹಿಡಿದೆ. ಗೆರೆ ಈ ತುದಿಯಿಂದ ಆ ತುದಿಗೆ ಓಡಿತು. ಅಮ್ಮ ತಲೆ ಓರೆ ಮಾಡಿ ಮೂಗು ತಾಗುವಷ್ಟು ಹತ್ತಿರ ಹೋದಳು. "ಇದು ಒಂದೆಳೆ ಅಲ್ಲ. ಬಿಳಿ ಪಕ್ಕದಲ್ಲಿ ಕೆಂಪು ಒಂದು, ನೀಲಿ ಒಂದು ಬಿಚ್ಕೊಂಡೈತೆ. ಮೂಲೇಲಿ ಬೇರೆ ಬಗ್ಗೈತೆ." ಅವಳು ಹೇಳಿದ ಮೇಲೆ ನನಗೂ ಕಂಡಿತು. ಹೂವಿನ ಚಿತ್ರದಲ್ಲಿ ಅದೆಲ್ಲ ಹೇಗೆ ಮುಚ್ಚಿಹೋಗಿತ್ತೋ! ಎರಡನೆಯದು ಹಸಿರು ಅಕ್ಷರದ ಹಳೇ ಮಾನಿಟರ್. ಅದರಲ್ಲಿ ಗೆರೆ ಅಳಿಸಿದ ಮೇಲೂ ಅದರ ನೆರಳು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿತ್ತು. ಮೂರನೆಯದು ಹದಿನಾಲ್ಕು ಇಂಚಿನ ಹೊಸ ಕಪ್ಪು-ಬಿಳುಪು ಮಾನಿಟರ್. ಅದರ ಗೆರೆ ಮೇಲೆ, ಕೆಳಗೆ, ನಾಲ್ಕು ಮೂಲೆಯಲ್ಲೂ ಒಂದೇ ಸಮ. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು, "ಇದು ಎಳೆ" ಎಂದಳು. ನಾನು ಕೈಯಲ್ಲಿದ್ದ ದುಡ್ಡಿಗೂ ಅದೇ ಹೊಂದುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಗೌರಿಬಿದನೂರಿನ ಕಡೆ ಮೇಷ್ಟರಾಗಿದ್ದ ಅಪ್ಪ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಆ ಭಾನುವಾರ ಬಂದವರು ಎಲ್ಲವನ್ನೂ ಮೇಜಿನ ಮೇಲೆ ಅಚ್ಚುಕಟ್ಟಾಗಿ ಜೋಡಿಸಿದರು. ನಮ್ಮೂರಿನ ಕರೆಂಟಿಗೆ ಸ್ಟೆಬಿಲೈಸರ್ ಇಲ್ಲದೆ ಏನನ್ನೂ ನಂಬುವಂತಿರಲಿಲ್ಲ. ಎಲ್ಲರ ಮನೆಯಲ್ಲೂ ಟೀವಿಯ ಮಗ್ಗುಲಿಗೆ ಅಂಟಿಕೊಂಡು, ಕ್ರೋಶಾ ಹೆಣಿಗೆಯ ಬಟ್ಟೆ ಹೊದ್ದುಕೊಂಡು ಅದೊಂದು ಕೂತಿರುತ್ತಿತ್ತು. ಅಪ್ಪ ಅದೇ ಪದ್ಧತಿಯಂತೆ ದೊಡ್ಡದೊಂದು ಸ್ಟೆಬಿಲೈಸರ್ ತಂದು ಮಾನಿಟರಿನ ಪಕ್ಕಕ್ಕೆ ಒತ್ತಿ ಇಟ್ಟರು. ಅಮ್ಮ ಎರಡಕ್ಕೂ ಕುಂಕುಮ ಹಚ್ಚಿ ಹೂವು ಮುಡಿಸಿದಳು. ನಾನು ಸ್ವಿಚ್ ಹಾಕಿ, ಮೊದಲ ಸಾಲು ಟೈಪು ಮಾಡಿದೆ.

ಸಾಲು ನಡುಗುತ್ತಿತ್ತು.

ತೀರಾ ಸಣ್ಣ ನಡುಕ. ಕೊಳಗದ ನೀರಿನಲ್ಲಿ ಮುಖ ನೋಡಿಕೊಂಡಂತೆ. ಕಣ್ಣುಜ್ಜಿಕೊಂಡೆ. ಹಾಗೇ ಇತ್ತು. ತಿರುಗಿ ನೋಡಿದರೆ ಅಪ್ಪ ಆಗಲೇ ಬಸ್ಸಿಗೆ ಹೊತ್ತಾಯಿತೆಂದು ಚೀಲ ಹಿಡಿದಿದ್ದರು, ಅಮ್ಮ ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು. "ಚೆನ್ನಾಗೈತೆ ಕಣೇ" ಎಂದು ಒಳಗೆ ಹೋದಳು. ನಡುಕ ನನ್ನ ಕಣ್ಣಿನದೇ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ಯಾಕೆಂದರೆ ನಮ್ಮ ದೊಡ್ಡತ್ತೆ, ಅಪ್ಪನ ಅಕ್ಕ, ಮೂವತ್ತು ತುಂಬುವ ಹೊತ್ತಿಗೆ ದೃಷ್ಟಿ ಕಳೆದುಕೊಂಡವರು. ಅವರಿಗೆ ಶುರುವಾದದ್ದೇ ಹಾಗೆ. ಬಾಗಿಲ ಚೌಕಟ್ಟು ಅಲ್ಲಾಡಿದಂತೆ ಕಾಣುತ್ತದೆ ಎಂದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಅಪ್ಪನ ಕಡೆಯ ಮೂಗು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಮೂಗು ಬಂದ ದಾರಿಯಲ್ಲೇ ಅದೂ ಬಂತು ಎಂದುಕೊಂಡೆ. ಆಗ ನನಗೆ ಇಪ್ಪತ್ತೇಳು.

ಮಾನಿಟರಿನದೇ ದೋಷ ಯಾಕಾಗಿರಬಾರದು ಎಂದು ಯಾರಾದರೂ ಕೇಳಬಹುದು. ಅಮ್ಮ ಒಪ್ಪಿದ ಎಳೆ ಅದು! ಅದರಲ್ಲಿ ಐಬು ಹುಡುಕುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವ ಮಾತಾಗಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರ ನೆಟ್ಟಗೇ ಇರುತ್ತಿತ್ತು ನಿಜ. ಆದರೆ ಎರಡು ಗಂಟೆ ಪರದೆ ನೋಡಿ ಎದ್ದ ಮೇಲೆ ಕಣ್ಣಲ್ಲಿ ನೀರು ಸುರಿದು ಪುಸ್ತಕವೂ ತೇಲಾಡುತ್ತಿತ್ತು. ಡಾಕ್ಟರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹೋದರೆ ಹೌದು ಎಂದುಬಿಡುತ್ತಾರಲ್ಲ! ಚಿಂತಾಮಣಿಯ ಕೆಲಸ ಬೇರೆ ಬಿಟ್ಟು ಬಂದಿದ್ದೆ. ಮೂರು ವಾರ ಹಲ್ಲು ಕಚ್ಚಿಕೊಂಡು ಟೈಪು ಮಾಡಿದೆ. ಬರೆಸಲು ಬಂದವರು ಕಾಗದ ಕೊಟ್ಟು ಜಗಲಿಯಲ್ಲೇ ಕಾಯುತ್ತಿದ್ದರು, ಅಪ್ಪ ಬರುವ ಭಾನುವಾರ ನಾನು ಅದರ ಸ್ವಿಚ್ಚನ್ನೇ ಹಾಕುತ್ತಿರಲಿಲ್ಲ. ಅಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವಳೂ ಆ ದಿನಗಳಲ್ಲಿ ಯಾಕೋ ಮಂಕಾಗಿದ್ದಳು. ಸೊಂಟನೋವು ಎಂದು ನೂಲು ತಂದವರನ್ನು ವಾಪಸು ಕಳಿಸುತ್ತಿದ್ದಳು. ನನ್ನ ಸಂಕಟದಲ್ಲಿ ನಾನು ಅದನ್ನು ವಿಚಾರಿಸಲೇ ಇಲ್ಲ.

ಒಂದು ಬೆಳಿಗ್ಗೆ ಮುರುಗಮಲ್ಲದ ಕಡೆಯ ಒಬ್ಬ ಮುದುಕರು ಮೊಮ್ಮಗಳ ಲಗ್ನಪತ್ರಿಕೆ ಬರೆಸಲು ಬಂದರು. ಅಮ್ಮ ಅವರಿಗೆ ಕಾಫಿ ತಂದು ಕೊಟ್ಟಳು. ಮುದುಕರು ಲೋಟ ಹಿಡಿದುಕೊಂಡು ಪರದೆಯನ್ನೇ ದಿಟ್ಟಿಸಿ ನೋಡಿದರು.

"ಏನಮ್ಮಾ ಇದು? ಅಕ್ಷರಕ್ಕೆಲ್ಲ ಚಳಿಜ್ವರ ಬಂದಂಗೈತಲ್ಲಾ! ಗಡಗಡ ಅಂತಾವೆ."

"ನಿಮಗೂ ಕಾಣುತ್ತಾ?"

ಕೇಳಿದ್ದು ನಾನು. ಆದರೆ ಅದೇ ಮಾತು, ಅದೇ ಗಳಿಗೆಯಲ್ಲಿ ನನ್ನ ಹಿಂದಿನಿಂದಲೂ ಬಂತು. ತಿರುಗಿದೆ. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನಿಂಗೂ ಕಾಣ್ತಿತ್ತೇನಮ್ಮಾ?" ಎಂದೆ.

"ಮೊದಲ ದಿವಸದಿಂದ" ಎಂದಳು. "ನೀನು ಏನೂ ಅನ್ನದೆ ಟಕಟಕ ಅಂತ ಹೊಡೀತಾ ಕೂತಿದ್ದೆ. ನನ್ನ ಕಣ್ಣೇ ಹೋಯ್ತು ಅಂದ್ಕೊಂಡೆ ಕಣೇ."

ಮುದುಕರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. "ನಂಗೆ ಎರಡು ಕಣ್ಣಿಗೂ ಪೊರೆ ತೆಗ್ಸವ್ರೆ ತಾಯಿ. ನಂಗೇ ಕಾಣ್ಬೇಕಾದ್ರೆ ನಿಮ್ಗೇನು ರೋಗ?" ಎಂದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ, ಎರಡೂ ಇರಬೇಕು.

ಅಮ್ಮ ಅಷ್ಟರಲ್ಲಿ ತನ್ನ ಗತ್ತಿಗೆ ಮರಳಿದ್ದಳು. "ಎಳೆ ನಡುಗಿದ್ರೆ ಎಳೇನ ಬಯ್ಯೋದಲ್ಲ, ಅಕ್ಕಪಕ್ಕ ಏನು ಓಡ್ತೈತೆ ನೋಡ್ಬೇಕು" ಎನ್ನುತ್ತ ಮೇಜಿನ ಮೇಲೆ ಅಂಗೈ ಇಟ್ಟಳು, ಪೆಟ್ಟಿಗೆಯ ಮೇಲೆ ಇಟ್ಟಳು, ಕೊನೆಗೆ ಸ್ಟೆಬಿಲೈಸರ್ ಮೇಲೆ. "ಇದು ಗುಂಯ್ ಅಂತೈತೆ. ಸರಿಸು ಇದನ್ನ." ವೈರು ಬಿಡುವಷ್ಟು ದೂರಕ್ಕೆ ನಾನು ಅದನ್ನು ಎಳೆದೆ. ಒಂದು ಗೇಣು ಸರಿಯುತ್ತಲೇ ನಡುಕ ಸಣ್ಣದಾಯಿತು. ಕಿಟಕಿಯ ಹತ್ತಿರಕ್ಕೆ ಹೋಗುವಷ್ಟರಲ್ಲಿ ಅಕ್ಷರಗಳು ಕಲ್ಲಿನಲ್ಲಿ ಕೆತ್ತಿದಂತೆ ನಿಂತವು. ಸ್ಟೆಬಿಲೈಸರ್ ಒಳಗಿನ ಟ್ರಾನ್ಸ್‌ಫಾರ್ಮರ್ ಪರದೆಯನ್ನು ಹಾಗೆ ಕುಣಿಸುತ್ತದೆ ಎಂದು ಚಿಕ್ಕಬಳ್ಳಾಪುರದ ಅಂಗಡಿಯವನು ಆಮೇಲೆ ಹೇಳಿದ. ಅವನ ಅಂಗಡಿಯಲ್ಲಿ ಅದನ್ನು ಗೋಡೆಗೆ ಮೊಳೆ ಹೊಡೆದು ದೂರ ಇಟ್ಟಿದ್ದ.

ಮುದುಕರ ಪತ್ರಿಕೆ ಮುಗಿಸಿ ಕಳಿಸಿದ ಮೇಲೆ ನಾವಿಬ್ಬರೂ ಜಗಳಕ್ಕೆ ಕೂತೆವು. ನೀನ್ಯಾಕೆ ಹೇಳಲಿಲ್ಲ ಎಂದು ಅವಳು, ನೀನ್ಯಾಕೆ ಹೇಳಲಿಲ್ಲ ಎಂದು ನಾನು. ನನ್ನ ಕಥೆ ಹೇಳಿದೆ. ದೊಡ್ಡತ್ತೆಯ ಹೆಸರೆತ್ತಿದ್ದಕ್ಕೆ ಅಮ್ಮ ನನ್ನ ಬೆನ್ನಿಗೆ ಒಂದು ಬಾರಿಸಿದಳು. ಆಮೇಲೆ ತನ್ನದನ್ನು ಹೇಳಿದಳು.

"ನಂಗೆ ಹಿಂಗಾಗೈತೆ ಅಂದ್ರೆ ನೀನು ಈ ಕೆಲಸಾನೂ ಬಿಟ್ಟು ನನ್ನ ಹಿಂದೆ ಆಸ್ಪತ್ರೆ ಆಸ್ಪತ್ರೆ ಸುತ್ತುತ್ತೀಯ. ನಿಂದು ಒಂದು ದಾರಿಗೆ ಬರಲಿ, ಆಮೇಲೆ ಹೇಳಣ ಅಂದ್ಕೊಂಡೆ. ಅಲ್ಲೀವರೆಗೂ ನನ್ನ ಕೆಲಸ ನಡೀಬೇಕಲ್ಲ? ಅದಕ್ಕೇ ನೂಲು ತಂದೋರನ್ನ ವಾಪಸ್ ಕಳಿಸಿ, ಕಣ್ಣು ಮುಚ್ಕೊಂಡು ಕಲೀತಿದ್ದೆ."

"ಏನು ಕಲೀತಿದ್ದೆ?"

ಅವಳು ಒಳಗೆ ಹೋಗಿ ಒಂದು ನೂಲಿನ ಲಡಿ ತಂದಳು. ಕಣ್ಣು ಮುಚ್ಚಿದಳು. ಒಂದೆಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆಯತೊಡಗಿದಳು. ಅರ್ಧ ಮಾರು ಹೋಗಿರಬಹುದು, ಬೆರಳು ನಿಂತಿತು.

"ಇಲ್ಲೊಂದೈತೆ ನೋಡು."

ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಕರಿಹಲಗೆಯ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ಇನ್ನೊಮ್ಮೆ ನೋಡಿದೆ. ಸಾಸಿವೆಯ ಹತ್ತರಲ್ಲೊಂದು ಪಾಲಿನಷ್ಟು ಗಂಟು ಅಲ್ಲಿತ್ತು.