ಮತ್ತೆ ಮತ್ತೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದ ಹುಡುಗಿ

ಶನಿವಾರ ಬೆಳಿಗ್ಗೆಯಿಂದ ಹದಿನೇಳನೇ ಸಲ ನನ್ನ ಹುಡುಗಿ ಶಾಲೆಯ ದಾರಿಯಲ್ಲಿ ಮಾಯವಾಗಿ ಮನೆ ಬಾಗಿಲಿಗೇ ಬಂದು ನಿಂತಳು.

ಹುಡುಗಿ ಅಂದರೆ ಕಂಪ್ಯೂಟರಿನೊಳಗಿನವಳು. ಕುಕನೂರಿನ ನಮ್ಮ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಅನಿಮೇಷನ್ ಕಲಿಯುತ್ತಿದ್ದೇನೆ. ಕೋರ್ಸ್ ಮುಗಿಯಬೇಕೆಂದರೆ ಗೇಮ್ ಎಂಜಿನ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ನಿಮಿಷದ ದೃಶ್ಯ ಮಾಡಿ ಸೋಮವಾರ ಕೊಡಬೇಕಿತ್ತು.

ನನ್ನದು ಸರಳ ದೃಶ್ಯ. ಎಂಟು ವರ್ಷದ ಹುಡುಗಿ ಬಾಗಿಲಿನಿಂದ ಹೊರಟು, ದಾರಿಯಲ್ಲಿ ನಿಂತು ಆಡಿನ ಮರಿಯ ತಲೆ ಸವರಿ, ಮತ್ತೆ ನಡೆದು ಶಾಲೆಯ ಗೇಟು ಮುಟ್ಟುತ್ತಾಳೆ. ಅವಳು ನನ್ನ ಹಾಗೆ ಕುಂಟುತ್ತಾಳೆ.

ನನ್ನ ಬಲಗಾಲು ಹುಟ್ಟಿನಿಂದಲೇ ತುಸು ಗಿಡ್ಡ.

ನಡೆಯುವುದು ಒಂದು ಕ್ಲಿಪ್, ಮರಿಯನ್ನು ಸವರುವುದು ಇನ್ನೊಂದು. ಟೈಮ್‌ಲೈನ್ ಅನ್ನುವ ಪಟ್ಟಿಯ ಮೇಲೆ ಒಂದರ ಪಕ್ಕ ಒಂದಿಟ್ಟರೆ, ಎರಡನೆಯದು ಶುರುವಾದ ತಕ್ಷಣ ಪಾತ್ರ ಹೊರಟ ಜಾಗಕ್ಕೇ ವಾಪಸ್. ಅಷ್ಟು ದೂರ ನಡೆದದ್ದು ಅದಕ್ಕೆ ನೆನಪೇ ಇಲ್ಲ!

ಹುಡುಗಿಯನ್ನು ಮೌಸಿನಿಂದ ಎಳೆದು ಮರಿಯ ಪಕ್ಕಕ್ಕೆ ಇಟ್ಟೆ. ಒಂದು ಗೇಣು ಆಚೆ ನಿಂತು ಗಾಳಿಯನ್ನು ಸವರಿದಳು... ಅದನ್ನು ಸರಿಮಾಡಿದರೆ ಮುಂದಿನ ಕ್ಲಿಪ್ ಕೆಡುತ್ತಿತ್ತು.

ಮೊದಲ ಕ್ಲಿಪ್ಪಿನ ಸೊಂಟಕ್ಕೆ ಎರಡನೆಯದರ ಸೊಂಟ ಜೋಡಿಸಿ ಎಂದು ಯಾರೋ ಆನ್‌ಲೈನ್ ಚರ್ಚೆಯ ಫೋರಮ್‌ನಲ್ಲಿ ಬರೆದಿದ್ದರು. ಜೋಡಿಸಿದೆ. ಆದರೆ ನನ್ನ ಹುಡುಗಿಯ ಸೊಂಟ ಹೆಜ್ಜೆಗೊಮ್ಮೆ ಇಳಿಯುತ್ತದಲ್ಲ, ಅವಳ ಪಾದ ನೆಲದೊಳಗೆ ಹೂತುಹೋಯಿತು.

ಕೋರ್ಸಿನ ಸರ್‌ಗೆ ಫೋನ್ ಮಾಡಿದೆ. ಹುಬ್ಬಳ್ಳಿಯವರು. "ಕುಂಟೂದು ತೆಗೆದುಬಿಡ್ರಿ. ರೆಡಿ ನಡಿಗಿ ಹಾಕಿದ್ರ ಈಗ ಮುಗೀತೈತಿ ನೋಡ್ರಿ" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ನನಗೆ ಸಹಾಯವಾಗಲೆಂದೇ.

ತೆಗೆದೆ. ಹುಡುಗಿ ನೆಟ್ಟಗೆ ನಡೆದು ಗೇಟು ಮುಟ್ಟಿದಳು. ಎಷ್ಟು ಚೆಂದ ನಡೆದಳೆಂದರೆ ನನಗೆ ಅಳು ಬಂತು.

ಹೊಲದಿಂದ ಬಂದ ಅವ್ವ ಹಿಂದೆ ನಿಂತು ನೋಡುತ್ತಿದ್ದಳು. "ಮುಂಜಾನಿ ಇದ್ದ ಹುಡುಗಿ ಎಲ್ಲಿ ಹೋದ್ಲು? ಇಕಿ ಯಾರು?"

"ಆಕಿ ಕಾಲು ನೆಲದ ಮ್ಯಾಲ ನಿಲ್ಲವಲ್ದು ಯವ್ವಾ."

"ನೀ ಯಾವ ಕಾಲ ಗಟ್ಟಿ ಊರತಿ, ಗೊತ್ತೈತೇನು?"

ನನಗೆ ಗೊತ್ತಿರಲಿಲ್ಲ. ನಾನು ನಡೆಯುವುದನ್ನು ನಾನು ನೋಡಿಯೇ ಇಲ್ಲ. ಅಣ್ಣನ ಮದುವೆ ವಿಡಿಯೋದಲ್ಲಿ ನಾನು ನಡೆದುಬರುವ ಭಾಗವನ್ನು ಹೇಳಿ ಕತ್ತರಿಸಿ ಹಾಕಿಸಿದವಳೂ ನಾನೇ.

ಅವ್ವನಿಗೆ ಗೊತ್ತಿತ್ತು. "ಎಡಗಾಲ ಗಟ್ಟಿ ಊರತಿ. ಬಲಗಾಲ ತಾಗಿತೋ ಇಲ್ಲೋ ಅನ್ನೂದ್ರಾಗ ಎತ್ತತಿ. ಅಡಗಿಮನ್ಯಾಗ ಕುಂತ್ರೂ ಸಪ್ಪಳ ಕೇಳಿ ನೀ ಬಂದಿ ಅಂತ ಗೊತ್ತಾಗ್ತೈತಿ ನನಗ."

ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿದೆ. ಅದನ್ನು ಅವ್ವನ ಕೈಗೆ ಕೊಟ್ಟು ಮನೆ ಮುಂದಿನ ರಸ್ತೆಗೆ ಇಳಿದೆ.

ಎದುರು ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನೋಡುತ್ತಿದ್ದರು. ಕಿವಿ ಬಿಸಿಯಾಯಿತು.

"ನೆಟ್ಟಗ ನಡಿಯಾಕ ಹೋಗಬ್ಯಾಡ. ದಿನಾ ನಡಿಯೂವಂಗ ನಡಿ!" ಅವ್ವ ಅಲ್ಲಿಂದಲೇ ಕೂಗಿದಳು.

ಮೂರು ಸಲ ನಡೆದೆ. ಎರಡು ವಿಡಿಯೋದಲ್ಲಿ ಬರೀ ಅವ್ವನ ಹೆಬ್ಬೆರಳು ಬಂದಿತ್ತು.

ಮೂರನೆಯದನ್ನು ಮೊದಲು ಬೆರಳ ಸಂದಿಯಿಂದ ನೋಡಿದೆ. ನಾಲ್ಕೈದು ಸಲ ನೋಡುವಷ್ಟರಲ್ಲಿ ನಾಚಿಕೆ ಎಲ್ಲೋ ಹೋಗಿತ್ತು, ನಾನು ವಿಡಿಯೋದ ಒಂದೊಂದೇ ಚಿತ್ರ, ಅಂದರೆ ಫ್ರೇಮ್ ಎಣಿಸುತ್ತಿದ್ದೆ. ಅವ್ವ ಹೇಳಿದ್ದು ಫ್ರೇಮಿಗೆ ಫ್ರೇಮ್ ಸರಿ.

ಭಾನುವಾರವಿಡೀ ವಿಡಿಯೋ ನೋಡುತ್ತ ಹುಡುಗಿಯ ನಡಿಗೆಯನ್ನು ಹೊಸದಾಗಿ ಕೂಡಿಸಿದೆ. ಎಡಗಾಲು ಪೂರ್ತಿ ಊರಿದ ಜಾಗದಲ್ಲೇ ಕ್ಲಿಪ್ ಕತ್ತರಿಸಿ, ಸೊಂಟ ಬಿಟ್ಟು, ಅಲುಗದೆ ನಿಂತ ಆ ಪಾದಕ್ಕೆ ಮುಂದಿನ ಕ್ಲಿಪ್ಪಿನ ಎಡಪಾದ ಜೋಡಿಸಿದೆ.

ಪ್ಲೇ ಒತ್ತುತ್ತೇನೆ.

ಹುಡುಗಿ ಬಾಗಿಲು ದಾಟುತ್ತಾಳೆ. ಕುಂಟುತ್ತ ಬರುತ್ತಾಳೆ, ನಿಲ್ಲುತ್ತಾಳೆ. ಈಗ ಮತ್ತೆ ಬಾಗಿಲಿಗೆ ಹಾರುತ್ತಾಳೆ ಅಂತ ನಾನು ಉಸಿರು ಹಿಡಿದಿದ್ದೇನೆ... ಹಾರುವುದಿಲ್ಲ! ಅವಳ ಬೆರಳು ಮರಿಯ ತಲೆಯ ಮೇಲೆಯೇ ಕೂರುತ್ತದೆ. ಮತ್ತೆ ಹೊರಟು ಗೇಟು ಮುಟ್ಟುತ್ತಾಳೆ.

"ಹಾಂ, ಈಗ ಬಂದ್ಲು" ಎಂದು ಅವ್ವ ರೊಟ್ಟಿ ಬಡಿಯಲು ಎದ್ದುಹೋದಳು.

ಸರ್‌ಗೆ ಕಳಿಸಿದೆ. "ಹೆಂಗ ಕೂಡಿಸಿದ್ರಿ ಇದನ್ನ? ಮುಂದಿನ ಬ್ಯಾಚಿಗೆ ನೀವ ಒಂದು ಕ್ಲಾಸ್ ತಗೋರಿ" ಎಂದರು. ಹೂಂ ಅಂದಿದ್ದೇನೆ. ಮರಿಯ ಬಾಲ ಇನ್ನೂ ಗೋಡೆಯೊಳಗೆ ಹೋಗಿ ಬರುತ್ತಿದೆ, ಅದು ಬೇರೆ ಮಾತು.

ನೀವು ನಡೆಯುವುದನ್ನು ನೀವೇ ಯಾವತ್ತಾದರೂ ನೋಡಿದ್ದೀರಾ?